ಬಡ್ಡಿಯಿಲ್ಲದ ವ್ಯವಹಾರಕ್ಕೆ ವಿಶ್ವವಿದ್ಯಾಲಯದ ಒರೆಗಲ್ಲು

ಇಸ್ಲಾಮಿಕ್ ಅರ್ಥಶಾಸ್ತ್ರವೆಂದರೆ ಬಡ್ಡಿಯ ನಿಷೇಧವಷ್ಟೇ ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ, ಅಧ್ಯಯನದ ವಿಷಯವಾಗಿ ಅದರ ವ್ಯಾಪ್ತಿ ದೊಡ್ಡದು. ಬಂಡವಾಳ ಹೂಡಿದವರೂ ದುಡಿದವರೂ ಲಾಭನಷ್ಟಗಳನ್ನು ಹೇಗೆ ಹಂಚಿಕೊಳ್ಳಬೇಕು, ಉಳಿತಾಯದ ಮೇಲೆ ವರ್ಷಕ್ಕೆ ಶೇ. 2.5ರಂತೆ ಸಲ್ಲಬೇಕಾದ ಝಕಾತ್ ಎಂಬ ಕಡ್ಡಾಯ ದಾನದಿಂದ ಬಡತನ ಎಷ್ಟು ತಗ್ಗೀತು, ಧರ್ಮಕಾರ್ಯಕ್ಕೆ ಶಾಶ್ವತವಾಗಿ ಬಿಟ್ಟ ವಕ್ಫ್ ಆಸ್ತಿಯನ್ನು ಹೇಗೆ ನಿರ್ವಹಿಸಬೇಕು ಎಂಬವೆಲ್ಲ ಅದರ ಪ್ರಶ್ನೆಗಳು.

ಈ ಶಾಸ್ತ್ರದ ಆಧುನಿಕ ಚರಿತ್ರೆಯ ಮೊದಲ ಪುಟಗಳು ಕನ್ನಡನಾಡಿಗೆ ದೂರದವಲ್ಲ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮುಹಮ್ಮದ್ ಹಮೀದುಲ್ಲಾ 1936ರಲ್ಲೇ ಇಸ್ಲಾಮಿನ ಆರ್ಥಿಕ ವಿಚಾರಗಳ ಬಗ್ಗೆ ಪ್ರಬಂಧ ಬರೆದಿದ್ದರು. ಅಲ್ಲಿನ ಅರ್ಥಶಾಸ್ತ್ರದ ಪ್ರಾಧ್ಯಾಪಕ ಅನ್ವರ್ ಇಕ್ಬಾಲ್ ಖುರೇಷಿ ಬಡ್ಡಿಯ ಸಿದ್ಧಾಂತವನ್ನು ಕುರಿತು ಗ್ರಂಥ ರಚಿಸಿದರು. 1976ರಲ್ಲಿ ಮೆಕ್ಕಾದಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದ ಮೇಲೆ ಜೆದ್ದಾದ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಕೇಂದ್ರವೇ ಹುಟ್ಟಿತು. ಅಲಿಗಢದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ನಜಾತುಲ್ಲಾ ಸಿದ್ದೀಕಿ ಅಲ್ಲಿಗೆ ಹೋಗಿ ಜಗತ್ತಿಗೆ ಪರಿಚಿತರಾದರು.

ಬೆಂಗಳೂರಿಗೆ ಈ ವಿಷಯದ ಅಗತ್ಯ ಮನವರಿಕೆಯಾಗಬೇಕಾದದ್ದು ಮಾತ್ರ ಒಂದು ದೊಡ್ಡ ನೋವಿನಿಂದ. 2006ರಲ್ಲಿ ಆರಂಭವಾಗಿ, ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಹತ್ತಾರು ಸಾವಿರ ಜನ ದೂರು ಕೊಡಲು ಸಾಲುಗಟ್ಟಿದರು. ಹಣ ಕೊಟ್ಟವರನ್ನು ಠೇವಣಿದಾರರೆಂದು ಕರೆಯದೆ ಪಾಲುದಾರರೆಂದು ಸೇರಿಸಿಕೊಳ್ಳಲಾಗಿತ್ತು. ಒಬ್ಬರು ಬಂಡವಾಳ ಹಾಕಿ ಇನ್ನೊಬ್ಬರು ವ್ಯಾಪಾರ ನಡೆಸುವ ಮುದಾರಬಾ ಎಂಬ ಒಪ್ಪಂದದಲ್ಲಿ ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಬೇಕೇ ಹೊರತು ಇಂತಿಷ್ಟು ಮೊತ್ತವೆಂದು ಖಾತರಿ ಕೊಡುವಂತಿಲ್ಲ. ನಡೆಸುವವರ ತಪ್ಪಿಲ್ಲದೆ ನಷ್ಟವಾದರೆ ಅದು ಬಂಡವಾಳ ಹಾಕಿದವರದು. ಇಷ್ಟನ್ನು ಅರಿತವರು ತಿಂಗಳು ತಿಂಗಳೂ ಕೈಸೇರುವ ಲಾಭ ಯಾವ ವ್ಯಾಪಾರದಲ್ಲಿ ಹುಟ್ಟಿತೆಂದು ಲೆಕ್ಕ ಕೇಳುತ್ತಿದ್ದರು. ಹಾಗೆ ಕೇಳುವುದು ಅವಿಶ್ವಾಸವಲ್ಲ, ಆ ಒಪ್ಪಂದವೇ ಕೊಡುವ ಹಕ್ಕು.

ಲೆಕ್ಕ ಕೇಳದೆ ಹಣ ಒಪ್ಪಿಸುವುದು ಒಂದೇ ಸಮುದಾಯದ ದೌರ್ಬಲ್ಯವೆಂದು ಭಾವಿಸುವುದು ಅನ್ಯಾಯ. ಏಳು ತಿಂಗಳು ಕಳೆಯುವಷ್ಟರಲ್ಲಿ, 2020ರ ಜನವರಿಯಲ್ಲಿ, ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿದಾಗ, ಪಿಂಚಣಿ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಕಂಗಾಲಾದರು. ಆದರೆ ಅವರ ಠೇವಣಿಗೆ ಕಾನೂನಿನ ವಿಮೆಯಿತ್ತು, ಪಾಲುದಾರರೆನಿಸಿಕೊಂಡವರಿಗೆ ಅದಿರಲಿಲ್ಲ. ಕೊಟ್ಟ ಹಣ ಠೇವಣಿಯೋ ಪಾಲೋ ಎಂಬ ವ್ಯತ್ಯಾಸ ಸಂಸಾರಗಳ ಅಳಿವು ಉಳಿವನ್ನೇ ನಿರ್ಧರಿಸಬಲ್ಲದು.

ಮದರಸಾಗಳ ಸಾಂಪ್ರದಾಯಿಕ ಪಠ್ಯವಾದ ಹಿದಾಯಾದಲ್ಲಿ ಮುದಾರಬಾಕ್ಕೆ ಪ್ರತ್ಯೇಕ ಅಧ್ಯಾಯವಿದ್ದರೂ ಅದನ್ನು ಓದುವವರಿಗೆ ಆಸ್ತಿಹೊಣೆ ಪಟ್ಟಿ ಓದುವ ತರಬೇತಿ ವಿರಳ. ಲೆಕ್ಕಪರಿಶೋಧನೆ ಕಲಿಯುವ ವಾಣಿಜ್ಯ ವಿದ್ಯಾರ್ಥಿಗಳಿಗೆ ಈ ಒಪ್ಪಂದಗಳ ಪರಿಚಯ ಅಷ್ಟೇ ವಿರಳ. ಈ ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸುವ ಕೆಲಸ ವಿಶ್ವವಿದ್ಯಾಲಯದ್ದು. ಅಲ್ಲಿ ಭಕ್ತಿಯ ಬೋಧನೆ ಸಲ್ಲದು. ಈ ಶಾಸ್ತ್ರದ ಬುನಾದಿಯನ್ನೇ ಪ್ರಶ್ನಿಸಿದ ತೈಮೂರ್ ಕುರಾನ್ ಅವರಂಥ ಅರ್ಥಶಾಸ್ತ್ರಜ್ಞರ ವಿಮರ್ಶೆಯೂ ಪಠ್ಯದಲ್ಲಿರಬೇಕು, ಹಾಗೂ ಎಲ್ಲ ಧರ್ಮದ ವಿದ್ಯಾರ್ಥಿಗಳಿಗೂ ಅದು ತೆರೆದಿರಬೇಕು.

ಮಲೇಷ್ಯಾದ ಪಠ್ಯವನ್ನು ಹಾಗೆಯೇ ತಂದರೂ ಸಾಲದು. ಬ್ಯಾಂಕೇ ಸರಕು ಕೊಂಡು ಲಾಭವಿಟ್ಟು ಗ್ರಾಹಕರಿಗೆ ಕಂತಿನಲ್ಲಿ ಮಾರುವ ಮುರಾಬಹಾ ಅಲ್ಲಿ ವಾಡಿಕೆ. ಭಾರತದಲ್ಲಿ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಸೆಕ್ಷನ್ ಬ್ಯಾಂಕುಗಳು ಸರಕಿನ ವ್ಯಾಪಾರ ಮಾಡುವುದನ್ನು ತಡೆಯುತ್ತದೆ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಸೂಚಿಸಿದ್ದರೂ ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ಹೀಗಾಗಿ ಸಹಕಾರ ಸಂಘಗಳ ಕಾನೂನಿನ ಚೌಕಟ್ಟಿನೊಳಗೆ ಬಡ್ಡಿಯಿಲ್ಲದ ಸಾಲವನ್ನು ಹೇಗೆ ನಡೆಸಬಹುದು, ಅದರ ಆಡಳಿತವೆಚ್ಚ ಎಲ್ಲಿಂದ ಹುಟ್ಟಬೇಕು, ಬಾಕಿ ಉಳಿದರೆ ವಸೂಲಿ ಹೇಗೆ ಎಂಬ ಪ್ರಶ್ನೆಗಳಿಗೆ ಇಲ್ಲಿನ ಸಂಶೋಧಕರೇ ಉತ್ತರ ಹುಡುಕಬೇಕಾಗಿದೆ. ಶತಮಾನ ದಾಟಿದ ಸಹಕಾರ ಚಳವಳಿಯಿರುವ, ಅಪೆಕ್ಸ್ ಬ್ಯಾಂಕಿನಂಥ ಸಂಸ್ಥೆ ಚಾಮರಾಜಪೇಟೆಯಲ್ಲೇ ನೆಲೆಸಿರುವ ಬೆಂಗಳೂರಿನಲ್ಲಿ ಅಂಥ ಅಧ್ಯಯನಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ.