ಬೆಳಕನ್ನೂ ಹಿಂದೆ ಹಾಕಿದಂತೆ ಕಂಡ ಕ್ವೇಸಾರ್

1981ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನಾ ಲೇಖನದಲ್ಲಿ ನಂಬಲಾಗದಂಥ ಲೆಕ್ಕವಿತ್ತು. ಕನ್ಯಾ ರಾಶಿಯ ದಿಕ್ಕಿನಲ್ಲಿರುವ 3ಸಿ 273 ಎಂಬ ಕ್ವೇಸಾರಿನ (ನಕ್ಷತ್ರದಂತೆ ಕಾಣುವ ಅತಿ ದೂರದ ಆಕರದ) ನಡುವಿನಿಂದ ಚಿಮ್ಮಿದ ಅನಿಲದ ಉಂಡೆಯೊಂದು ಮೂರೇ ವರ್ಷಗಳಲ್ಲಿ ಸುಮಾರು 25 ಜ್ಯೋತಿರ್ವರ್ಷ ಸರಿದಿತ್ತು. ಬೆಳಕಿಗೇ 25 ವರ್ಷ ಹಿಡಿಯುವ ದಾರಿ ಅದು!

ಈ ಚಲನೆ ಕಣ್ಣಿಗೆ ಬಿದ್ದದ್ದೇ ದೊಡ್ಡ ಸಾಹಸ. 3ಸಿ 273 ನಮ್ಮಿಂದ ಸುಮಾರು 240 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ದೂರದರ್ಶಕದ ನೋಟ ಸೂಕ್ಷ್ಮವಾಗಬೇಕಾದರೆ ಅಲೆ ಗಿಡ್ಡವಿರಬೇಕು, ಇಲ್ಲವೇ ದೂರದರ್ಶಕ ಅಗಲವಿರಬೇಕು. ಈ ಚಲನೆ ಕಂಡದ್ದು ರೇಡಿಯೋ ಅಲೆಗಳಲ್ಲಿ; ಅವೋ ಬಲು ಉದ್ದ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿರುವ 64 ಮೀಟರ್ ಅಗಲದ ತಟ್ಟೆಗೂ 21 ಸೆಂ.ಮೀ. ಅಲೆಯಲ್ಲಿ ಚಂದ್ರಬಿಂಬದ ಅರ್ಧದಷ್ಟು ಆಕಾಶವೆಲ್ಲ ಒಂದೇ ಮಸುಕು.

ಪರಿಹಾರ ಒದಗಿಸಿದವನು ಆ ಚಂದ್ರನೇ. 1962ರ ಆಗಸ್ಟ್ 5ರಂದು ಚಂದ್ರ 3ಸಿ 273ರ ಮುಂದೆ ಹಾದುಹೋದಾಗ, ಅದರ ರೇಡಿಯೋ ಸದ್ದು ಯಾವ ಕ್ಷಣದಲ್ಲಿ ಅಡಗಿ ಯಾವ ಕ್ಷಣದಲ್ಲಿ ಮರಳಿತು ಎಂಬುದನ್ನು ಪಾರ್ಕ್ಸ್‌ನಲ್ಲಿ ಅಳೆದರು. ಚಂದ್ರನ ಅಂಚು ಎಲ್ಲಿತ್ತೆಂಬುದು ಕರಾರುವಾಕ್ಕಾಗಿ ಗೊತ್ತಿದ್ದುದರಿಂದ ಆಕರದ ಜಾಗವೂ ಖಚಿತವಾಯಿತು. ಅಲ್ಲಿದ್ದ ನಕ್ಷತ್ರದಂಥ ಚುಕ್ಕೆ ಎಷ್ಟು ದೂರದ್ದೆಂದು ಖಗೋಳವಿಜ್ಞಾನಿ ಮಾರ್ಟನ್ ಶ್ಮಿಟ್ ಮರುವರ್ಷ ಬಿಡಿಸಿ ಹೇಳಿದರು. ಇದೇ ಚಂದ್ರನ ಉಪಾಯವನ್ನು ನೆಚ್ಚಿಕೊಂಡು ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಊಟಿಯ ಬೆಟ್ಟದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ದೂರದರ್ಶಕ ಕಟ್ಟಿದರು. 1970ರಿಂದ ಅದು ಕೆಲಸ ಮಾಡುತ್ತಿದೆ. ಇಳಿಜಾರಿನ ಓರೆ ಊಟಿಯ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ. ಹಾಗಾಗಿ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಒಂದೇ ಅಚ್ಚಿನ ಸುತ್ತ ತಿರುಗಿಸಿದರೆ ಆಕರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಜಾಗ ಆರಿಸಿದ ಜಾಣ್ಮೆಯೇ ಅರ್ಧ ಯಂತ್ರ!

ಆದರೆ ಚಂದ್ರ ಎಲ್ಲ ಆಕರಗಳ ಮುಂದೂ ಹಾಯುವುದಿಲ್ಲ. ಸಾವಿರಾರು ಕಿಲೋಮೀಟರ್ ಅಂತರದ ತಟ್ಟೆಗಳನ್ನು ಒಂದೇ ದೂರದರ್ಶಕದಂತೆ ದುಡಿಸುವ ವಿಧಾನ 1967ರಲ್ಲಿ ಕೈಗೂಡಿತು. ಆಗ ಕೆನಡಾದಲ್ಲಿ ಜೋಡಿಸಿದ ಆಲ್ಗಾಂಕ್ವಿನ್ ಮತ್ತು ಪೆಂಟಿಕ್ಟನ್ ಕೇಂದ್ರಗಳ ನಡುವೆ 3,000 ಕಿ.ಮೀ.ಗೂ ಹೆಚ್ಚು ದೂರ. ನಡುವೆ ತಂತಿ ಇಲ್ಲ. ಎರಡೂ ಕಡೆ ಪರಮಾಣು ಗಡಿಯಾರದ ಸಮಯದೊಂದಿಗೆ ಅಲೆಗಳನ್ನು ಟೇಪಿಗೆ ಇಳಿಸಿದರು. ಆಮೇಲೆ ಟೇಪುಗಳನ್ನು ಒಂದೆಡೆ ತಂದು ಅಲೆಗೆ ಅಲೆ ಹೊಂದಿಸಿದರು. ಗಡಿಯಾರ ಚೂರು ತಪ್ಪಿದರೂ ಶ್ರಮವೆಲ್ಲ ವ್ಯರ್ಥ.

ಹೀಗೆ ನೋಡತೊಡಗಿದ ಮೇಲೆಯೇ, 1971ರ ಹೊತ್ತಿಗೆ, 3ಸಿ 273 ಮತ್ತು 3ಸಿ 279 ಎಂಬ ಇನ್ನೊಂದು ಕ್ವೇಸಾರಿನಲ್ಲಿ ಬೆಳಕನ್ನು ಮೀರಿದ ಓಟದ ಸುಳಿವು ಸಿಕ್ಕಿದ್ದು. ಇಂಥದ್ದು ಕಾಣಬಹುದೆಂದು ಖಗೋಳವಿಜ್ಞಾನಿ ಮಾರ್ಟಿನ್ ರೀಸ್ 1966ರಲ್ಲೇ ಲೆಕ್ಕ ಹಾಕಿದ್ದರು. ಉಂಡೆ ಬೆಳಕಿನ ಶೇಕಡಾ 99ರಷ್ಟು ವೇಗದಲ್ಲಿ, ನೇರ ನಮ್ಮತ್ತ ಅಲ್ಲ, 8 ಡಿಗ್ರಿ ಓರೆಯಾಗಿ ಬರುತ್ತಿದೆ ಎನ್ನಿ. ಹತ್ತು ವರ್ಷಗಳಲ್ಲಿ ಅದು ಪಕ್ಕಕ್ಕೆ 1.4 ಜ್ಯೋತಿರ್ವರ್ಷ ಸರಿದರೆ, ನಮ್ಮತ್ತ 9.8 ಜ್ಯೋತಿರ್ವರ್ಷ ಬಂದಿರುತ್ತದೆ. ತಾನು ಮೊದಲು ಹೊರಡಿಸಿದ ಬೆಳಕಿನ ಬೆನ್ನಿಗೇ ಬಂದಿರುವುದರಿಂದ, ಹತ್ತು ವರ್ಷದ ಕೊನೆಯಲ್ಲಿ ಹೊರಟ ಬೆಳಕು ನಮ್ಮನ್ನು ತಲುಪುವುದು ಮೊದಲಿನದಕ್ಕಿಂತ ಕೇವಲ ಎರಡೂವರೆ ತಿಂಗಳು ತಡವಾಗಿ. ಹತ್ತು ವರ್ಷದ ಪಯಣ ಎರಡೂವರೆ ತಿಂಗಳಲ್ಲಿ ಮುಗಿದಂತೆ, ಬೆಳಕಿನ ಏಳು ಪಟ್ಟು ವೇಗದಂತೆ ತೋರುತ್ತದೆ. ಐನ್‌ಸ್ಟೈನರ ವೇಗಮಿತಿಯ ನಿಯಮಕ್ಕೆ ಕುಂದಿಲ್ಲ.

ಹಾಗೆಂದು 3ಸಿ 273 ಪೂರ್ತಿ ಪಳಗಿಲ್ಲ. 2011ರಲ್ಲಿ ರಷ್ಯಾ ಹಾರಿಸಿದ ರೇಡಿಯೋಆಸ್ಟ್ರಾನ್ ಉಪಗ್ರಹದ 10 ಮೀಟರ್ ತಟ್ಟೆಯನ್ನು ಭೂಮಿಯ ದೂರದರ್ಶಕಗಳೊಂದಿಗೆ ಹೊಂದಿಸಿ, 1,71,000 ಕಿ.ಮೀ.ವರೆಗಿನ ಅಂತರದಿಂದ ಅದನ್ನು ನೋಡಲಾಯಿತು. ಅದರ ಗರ್ಭದ ಹೊಳಪನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳಿದರೆ 10 ಲಕ್ಷ ಕೋಟಿ ಡಿಗ್ರಿಗೂ ಮೇಲು ಎಂದು 2016ರಲ್ಲಿ ವರದಿಯಾಯಿತು. ಎಲೆಕ್ಟ್ರಾನುಗಳು ಅಷ್ಟು ಹೊಳೆಯಹೊರಟರೆ ತಮ್ಮದೇ ಬೆಳಕಿಗೆ ಶಕ್ತಿ ಕಳೆದುಕೊಂಡು ಬೇಗನೆ ತಣಿಯಬೇಕೆನ್ನುತ್ತದೆ ಸಿದ್ಧಾಂತ. ಗರ್ಭದಿಂದ ಚಿಮ್ಮುವ ಅನಿಲದ ಧಾರೆ (ಜೆಟ್) ನಮ್ಮತ್ತ ಧಾವಿಸುವುದರಿಂದ ಹೆಚ್ಚುವ ಹೊಳಪನ್ನು ಕಳೆದರೂ ಲೆಕ್ಕ ತಾಳೆಯಾಗಲಿಲ್ಲ.