ಒಲೆ ಬೇಕೆಂದರೆ ಮೊದಲು ಪಾತ್ರೆ ತೋರಿಸಿ

ಒಲೆ ಕಟ್ಟಿಕೊಡಿ ಎಂದು ಫೋನು ಮಾಡುವವರಿಗೆ ನಾನು ಮೊದಲು ಕೇಳುವುದು ಪಾತ್ರೆಯ ಅಳತೆ. ಅನ್ನಕ್ಕೆ ಯಾವ ತಪ್ಪಲೆ, ಸಾರಿಗೆ ಯಾವುದು, ನೀರು ಕಾಯಿಸಲು ಯಾವುದು? ಮೂರನ್ನೂ ತೊಳೆದು ಬೋರಲು ಹಾಕಿಡಿ, ಬಂದು ಅಳೆಯುತ್ತೇನೆ ಎನ್ನುತ್ತೇನೆ. ಸಾಗರದ ಸುತ್ತಮುತ್ತ ನಾನು ಹೋಗುವ ಮನೆಗಳಲ್ಲೆಲ್ಲ ಗ್ಯಾಸ್ ಇದೆ. ಆದರೂ ತೋಟದಲ್ಲಿ ಸೌದೆ ಬಿದ್ದಿರುತ್ತದೆ, ಹಬ್ಬಕ್ಕೆ ದೊಡ್ಡ ಅಡುಗೆ ಆಗಬೇಕು. ಒಲೆ ಕೇಳುವವರು ಇದ್ದೇ ಇದ್ದಾರೆ.

ನಾನು ಕಟ್ಟುವುದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು ಹಳ್ಳಿಗೆ ಒದಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ‘ಅಸ್ತ್ರ’ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಅಲ್ಲಿನವರು 1980ರ ದಶಕದ ಆರಂಭದಲ್ಲಿ ರೂಪಿಸಿದ ಮೂರು ಪಾತ್ರೆಯ ಒಲೆಗೆ ಅದೇ ಹೆಸರು ನಿಂತಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದೆರಡು ಪಾಲಷ್ಟೇ ಪಾತ್ರೆಗೆ ಮುಟ್ಟುತ್ತದೆ. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಸುಮಾರು ನಾಲ್ಕು ಪಾಲು ಮುಟ್ಟಿಸಿತು. ಅಡುಗೆಮನೆಯಲ್ಲಿ ಅಷ್ಟು ಸಿಗುವುದಿಲ್ಲ, ಆದರೆ ಸೌದೆ ರಾಶಿ ನಿಧಾನ ಕರಗುವುದು ಕಣ್ಣಿಗೇ ಕಾಣುತ್ತದೆ.

ಒಣ ಸೌದೆಯ ತೂಕದ ಮುಕ್ಕಾಲು ಪಾಲು, ಕಾದಾಗ ಅನಿಲವಾಗಿ ಏಳುತ್ತದೆ. ಅದಕ್ಕೆ ಬಿಸಿಯೂ ಗಾಳಿಯೂ ಸಾಕಷ್ಟು ಸಿಕ್ಕರೆ ಉರಿ, ಸಿಗದಿದ್ದರೆ ಹೊಗೆ. ಕಣ್ಣಿಗೆ ಹೊಡೆಯುವ ಹೊಗೆ ಎಂದರೆ ನೀವು ಹೊತ್ತು ತಂದು ಸೀಳಿದ ಸೌದೆಯೇ, ಉರಿಯದೆ ಹೋಗುತ್ತಿದೆ. ಅದಕ್ಕೇ ಈ ಒಲೆಯಲ್ಲಿ ಸೌದೆ ಕಬ್ಬಿಣದ ಜಾಲರಿಯ ಮೇಲೆ ಕೂರುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ, ಬಾಯಿಗೆ ಮುಚ್ಚಳವಿದೆ. ಬಿಸಿ ಗಾಳಿ ಮೊದಲ ಪಾತ್ರೆಯಡಿ ನುಗ್ಗಿ, ಎರಡನೆಯದನ್ನೂ ಮೂರನೆಯದನ್ನೂ ಸವರಿಕೊಂಡು ಕೊಳವೆ ಸೇರುತ್ತದೆ.

ಪಾತ್ರೆ ಒಲೆಯೊಳಗೆ ಇಳಿದು ಕೂರುವುದರಿಂದ ಅಳತೆಯ ಹಟ. ಮೊನ್ನೆ ಒಬ್ಬರು ಹಿರಿಯರು, “ಮೂರೂ ತೂತು ಒಂದೇ ಅಳತೆ ಇರ್ಲಿ ಮಾರಾಯ, ಯಾವ ಪಾತ್ರೆ ಬೇಕಾದ್ರೂ ಇಡ್ಲಕ್ಕು” ಎಂದರು. “ಆಗೋದಿಲ್ಲ ಅಮ್ಮಾ, ಸಂದಿಯಲ್ಲೆಲ್ಲ ಹೊಗೆ ಬರ್ತದೆ. ಆಮೇಲೆ ನನ್ನನ್ನೇ ಬೈತೀರಿ” ಎಂದೆ. ಎರಡೇ ಪಾತ್ರೆ ಇಡುವ ದಿನ ಮೂರನೆಯ ತೂತಿಗೆ ಮುಚ್ಚಳ ಹಾಕಲೇಬೇಕು. ಇನ್ನೊಂದು ಮಾತು: ರೊಟ್ಟಿಗೆ ಈ ಒಲೆ ಅಷ್ಟಕ್ಕಷ್ಟೇ. ದಿನವೂ ರೊಟ್ಟಿ ಸುಡುವ ಮನೆಯವರು ಅದನ್ನು ಗ್ಯಾಸಿನ ಮೇಲೆ ಮಾಡಿಕೊಳ್ಳುವುದೇ ಸುಖ.

ಮಣ್ಣಿನ ಕೆಲಸ ನನ್ನದು. ಹುತ್ತದ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿಯುತ್ತೇನೆ. ನೀವು ಕಣ್ಣಿಡಬೇಕಾದ್ದು ಕೊಳವೆಯ ಮೇಲೆ. ಕೆಟ್ಟ ಒಲೆಯೆಂದು ಜನ ಒಡೆಸಿ ಹಾಕುವ ಎಷ್ಟೋ ಒಲೆಗಳಲ್ಲಿ ಕೆಟ್ಟಿರುವುದು ಕೊಳವೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಏರುವಾಗ ಜಾಲರಿಯ ಕೆಳಗಿನಿಂದ ಹೊಸ ಗಾಳಿ ಎಳೆಯುತ್ತದೆ. ಕೊಳವೆ ಗಿಡ್ಡವಾದರೆ ಎಳೆತವಿಲ್ಲ. ಸೂರಿನ ನೆತ್ತಿಗಿಂತ ಕೆಳಗೆ ನಿಂತರೆ ಆಷಾಢದ ಗಾಳಿ ಹೊಗೆಯನ್ನು ವಾಪಸು ಒಳಗೆ ತಳ್ಳುತ್ತದೆ. ಗೋಡೆಯಲ್ಲಿ ಅಡ್ಡ ತೂತು ಕೊರೆದು ಕೊಳವೆಯನ್ನು ಅಲ್ಲೇ ನಿಲ್ಲಿಸುವವರಿದ್ದಾರೆ. ಆ ಒಲೆಗೆ ಬೆಂಕಿ ಹಾಕುವುದೇ ಬೇಡ. ನೆಟ್ಟಗೆ ಮೇಲೆ ಹೋಗಲಿ, ಮಳೆ ಬೀಳದಂತೆ ಟೊಪ್ಪಿ ಇರಲಿ. ಹಂಚಿನ ಮಾಡಾದರೆ ಮರದ ಪಕಾಸಿ, ರೀಪಿಗೆ ಬಿಸಿ ಕೊಳವೆ ತಾಗಬಾರದು. ಹಿಂದೆ ಕಲ್ನಾರಿನ ಸಿಮೆಂಟು ಕೊಳವೆ ಹಾಕುತ್ತಿದ್ದೆವು. ಅದನ್ನು ಕೊಯ್ದಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಈಗ ಸುಟ್ಟ ಮಣ್ಣಿನದ್ದೋ ಸ್ಟೀಲಿನದ್ದೋ ತನ್ನಿ ಎನ್ನುತ್ತೇನೆ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಒಲೆ ಉರಿಯುವಾಗ ಆರಿಸಿ, ಕಿಟಕಿ ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ಫ್ಯಾನು ಕೊಳವೆಯಿಂದಲೇ ಗಾಳಿ ಕೆಳಗೆಳೆಯುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡೂ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಗೊತ್ತಾಗುವುದಿಲ್ಲ. ಗ್ಯಾಸ್ ಸಿಲಿಂಡರನ್ನು ಒಲೆಯ ಹತ್ತಿರ ಇಡಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ.

ಹಸಿ ಸೌದೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡುವುದರಲ್ಲೇ ಶಾಖ ಮುಗಿಯುತ್ತದೆ, ಕೊಳವೆಯೊಳಗೆ ಟಾರಿನಂಥ ಅಂಟು ಕಟ್ಟುತ್ತದೆ. ಆ ಅಂಟಿಗೇ ಬೆಂಕಿ ಹತ್ತುವುದೂ ಉಂಟು. ಅಕೇಶಿಯಾ ಆಗಲಿ ಗೇರಾಗಲಿ, ಬೇಸಿಗೆಗೆ ಮೊದಲೇ ಸೀಳಿ, ಮಳೆ ತಾಗದ ಕಡೆ ಪೇರಿಸಿ. ಕರಟ ಚೆನ್ನಾಗಿ ಉರಿಯುತ್ತದೆ. ಬುಟ್ಟಿಗಟ್ಟಲೆ ಸುರಿದರೆ ಮಾತ್ರ ಜಾಲರಿ ಬಾಗುತ್ತದೆ. ಅಡಿಕೆ ಸಿಪ್ಪೆ ಪೂರಾ ಒಣಗಿರಬೇಕು. ಹಾಲಿನ ಪ್ಲಾಸ್ಟಿಕ್ ಕವರನ್ನು ಬೆಂಕಿ ಹತ್ತಿಸಲು ಬಳಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿ ಸುತ್ತಿ ಕೊಳವೆಯ ಮಸಿ ಎಳೆಯಿರಿ.

ಕಟ್ಟಿದ ದಿನವೇ ಒಲೆ ಉರಿಸಬೇಡಿ, ಬಿರುಕು ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಸಣ್ಣ ಬೆಂಕಿಯಿಂದ ಶುರು ಮಾಡಿ. ಉರಿ ಹಿಡಿದ ಮೇಲೆ ಅಂಗಳಕ್ಕೆ ಬಂದು ಕೊಳವೆಯ ತುದಿ ನೋಡಿ: ತೆಳುವಾಗಿ, ಕಂಡೂ ಕಾಣದಂತೆ ಹೊಗೆ ಹೋಗುತ್ತಿರಬೇಕು. ದಟ್ಟಗೆ ಬರುತ್ತಿದ್ದರೆ ಸೌದೆ ಹಸಿ, ಇಲ್ಲವೇ ಒಲೆಯಲ್ಲಿ ದೋಷ. ಅದನ್ನು ನೋಡುವವರೆಗೂ ಕಟ್ಟಿದವನಿಗೆ ಪೂರ್ತಿ ಹಣ ಕೊಡಬೇಡಿ, ಕಟ್ಟಿದವನು ನಾನೇ ಆಗಿದ್ದರೂ.