ಹಂಡೆಯ ಕೆಳಗಣ ಬೆಂಕಿ

ಮಾರ್ಗಶಿರ ಮಾಸದ ನಸುಕಿನಲ್ಲಿ, ಕಬ್ಬಿನ ಗರಿಗಳ ಮೇಲಿನ ಇಬ್ಬನಿ ಇನ್ನೂ ಆರದಿರುವ ಹೊತ್ತಿಗೆ, ಹುಕ್ಕೇರಿ ಸೀಮೆಯ ಯಾವುದಾದರೊಂದು ಹಳೆಯ ವಾಡೆಯ ಹಿತ್ತಿಲಲ್ಲಿ ಹೋಗಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಬಚ್ಚಲಮನೆಯ ಬೆಳಕಿಂಡಿಯಿಂದ ಸುರುಳಿ ಸುರುಳಿಯಾಗಿ ಏಳುವ ಹೊಗೆ. ಒಳಗೆ ಮೂರು ತಲೆಮಾರಿನ ಮಸಿ ಹೊತ್ತ ತಾಮ್ರದ ಹಂಡೆ, ಅದರ ಕೆಳಗೆ ಕುಳ್ಳು, ತೊಗರಿ ಕಟ್ಟಿಗೆ, ಗೋವಿನಜೋಳದ ದಿಂಡು. ಅವುಗಳ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಹಿಡಿದು ಕುಳಿತ ಆಯಿ. ಶೀತದೇಶಗಳ ಗೃಹಸ್ಥನು ಚಳಿಗಾಲದಲ್ಲಿ ಇಡೀ ಮನೆಯನ್ನು ಕಾಯಿಸಬೇಕು. ಮಣ್ಣು ಮೇಲ್ಮುದ್ದೆಯ ಮಾಳಿಗೆ, ಮೊಳಗಟ್ಟಲೆ ದಪ್ಪದ ಗೋಡೆಗಳಿರುವ ನಮ್ಮ ವಾಡೆಗೆ ಆ ಶ್ರಮವಿಲ್ಲ, ಆದರೆ ಹದಿನಾರು ಜನರ ಮೀಯುವ ನೀರನ್ನು ಕಾಯಿಸುವ ಭಾರವು ಪ್ರತಿನಿತ್ಯವೂ ತಪ್ಪದು. ಆದಕಾರಣ, ದೊಡ್ಡ ಮನೆಗೆ ಯಾವ ಒಲೆ ತಕ್ಕುದೆಂಬ ಪ್ರಶ್ನೆ ನಮ್ಮಲ್ಲಿ ಬಚ್ಚಲಮನೆಯಿಂದಲೇ ಆರಂಭವಾಗತಕ್ಕದ್ದು.

ಮೊದಲು ಲೆಕ್ಕವನ್ನು ನೋಡೋಣ. ಒಲೆಯ ಅಂಗಡಿಗೆ ಹೋಗುವ ಮುನ್ನ ಈ ಲೆಕ್ಕವನ್ನು ಮಾಡುವವರು ವಿರಳ. ಆಳಿಗೆ 15 ಲೀಟರಿನಂತೆ ಹದಿನಾರು ಜನಕ್ಕೆ 240 ಲೀಟರು ನೀರು. ಅದನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ನೀರಿಗೆ ಸೇರಬೇಕಾದ ಉಷ್ಣ 6,000 ಕಿಲೊಕ್ಯಾಲರಿ. ಒಣ ಕಟ್ಟಿಗೆಯ ಪ್ರತಿ ಕಿಲೊದಲ್ಲಿ ಸುಮಾರು 3,500 ಕಿಲೊಕ್ಯಾಲರಿ ಅಡಗಿದ್ದರೂ, ಮೂರು ಕಲ್ಲಿನ ತೆರೆದ ಒಲೆಯಲ್ಲಿ ಅದರ ಎಂಟನೆಯ ಒಂದು ಪಾಲು ಹಂಡೆಗೆ ಮುಟ್ಟಿದರೆ ಅದೇ ಪುಣ್ಯ. ಮಿಕ್ಕದ್ದು ಗೋಡೆಗೆ, ಗಾಳಿಗೆ, ಆಯಿಯ ಕಣ್ಣಿಗೆ. ಹೀಗಾಗಿ ದಿನಕ್ಕೆ ಹದಿನಾಲ್ಕು ಕಿಲೊ ಕಟ್ಟಿಗೆ ಬೇಕಾಗುತ್ತದೆ. ಅದೇ ಉಷ್ಣದ ನೂರರಲ್ಲಿ ನಲವತ್ತು ಪಾಲು ನೀರಿಗೆ ಸೇರುವಂತಹ ಒಲೆಯಿದ್ದರೆ, ಒಳ್ಳೆಯ ಇಂಧನ ನಾಲ್ಕು ಕಿಲೊ ಸಾಕು. ಈ ಹತ್ತು ಕಿಲೊಗಳ ಅಂತರದ ಮೇಲೆಯೇ ಹೊಸ ಒಲೆಗಳ ಸಮಸ್ತ ವ್ಯಾಪಾರವೂ ನಿಂತಿದೆ.

ಪೆಲೆಟ್ ಎಂದು ಕರೆಯಲ್ಪಡುವ ಇಂಧನದ ಗುಳಿಗೆ ಈ ವ್ಯಾಪಾರದ ಮುಖ್ಯ ಸರಕು. ಮರದ ಹೊಟ್ಟು, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದುವನ್ನು ಒಣಗಿಸಿ, ಪುಡಿ ಮಾಡಿ, ರಂಧ್ರಗಳುಳ್ಳ ಉಕ್ಕಿನ ಅಚ್ಚಿನ ಮೂಲಕ ಮಹಾಭಾರದಿಂದ ಒತ್ತಿದಾಗ, ಘರ್ಷಣೆಯ ಬಿಸಿಗೆ ಸಸ್ಯದೊಳಗಿನ ಲಿಗ್ನಿನ್ ಎಂಬ ದ್ರವ್ಯವು ಮೆತ್ತಗಾಗಿ ತಾನೇ ಅಂಟಾಗಿ ಪರಿಣಮಿಸುತ್ತದೆ. ಹೊರಗೆ ಬರುವುದು ಕಿರುಬೆರಳಿಗಿಂತ ಸಣ್ಣನೆಯ, ನುಣುಪಾದ, ಒಣಗಿದ ತುಂಡುಗಳು. ನಾನು ಕಂಡ ಮನೆಯೊಂದರಲ್ಲಿ ಇದರ ಮೊದಲ ಚೀಲ ಬಂದಿಳಿದಾಗ ಆಯಿಯು ಒಂದು ಹಿಡಿ ತೆಗೆದು ಮೂಸಿ, “ಇದು ಎಮ್ಮಿಗೆ ಹಾಕೂ ಹಿಂಡಿ ಹೌದಲ್ಲೋ ತಮ್ಮಾ? ಒಲಿಗ್ಯಾಕ ಹಾಕ್ತೀರಿ?” ಎಂದು ಕೇಳಿದಳು. ಪ್ರಶ್ನೆ ಅಸಂಗತವಾಗಿರಲಿಲ್ಲ, ಪಶು ಆಹಾರದ ಗುಳಿಗೆಯೂ ಇದೂ ಒಂದೇ ಬಗೆಯ ಯಂತ್ರದ ಸಂತಾನ.

ಗುಳಿಗೆಯ ದೊಡ್ಡ ಗುಣವೆಂದರೆ ಅದು ಏಕರೂಪವಾಗಿರುವುದು. ಏಕರೂಪವಾದುದನ್ನು ಯಂತ್ರದ ಕೈಗೆ ಒಪ್ಪಿಸಬಹುದು. ಅಮೆರಿಕದಲ್ಲಿ ಜೆರ್ರಿ ವಿಟ್‌ಫೀಲ್ಡ್ ಎಂಬ ವಿಮಾನಶಾಸ್ತ್ರದ ಇಂಜಿನಿಯರು 1980ರ ದಶಕದ ಆದಿಯಲ್ಲಿ ಮನೆಬಳಕೆಗೆ ರೂಪಿಸಿದ ಒಲೆಯಲ್ಲಿ, ಮೇಲಿನ ಗುಡಾಣದಿಂದ ತಿರುಪುಮೊಳೆಯಂತಹ ಸಾಧನವೊಂದು ಗುಳಿಗೆಗಳನ್ನು ಒಂದೊಂದಾಗಿ ಬೆಂಕಿಯ ಬಟ್ಟಲಿಗೆ ಇಳಿಸುತ್ತದೆ, ಪಂಖವು ಗಾಳಿಯೂದುತ್ತದೆ, ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ. ಇಂಥ ಒಲೆಯನ್ನು ಕೊಳ್ಳಬಯಸುವ ಪರದೇಶವಾಸಿ ಕನ್ನಡಿಗರು ಒಂದು ಮಾತನ್ನು ನೆನಪಿಡಬೇಕು: ಮನೆ ದೊಡ್ಡದೆಂದು ಅತಿ ದೊಡ್ಡ ಒಲೆಯನ್ನು ತಂದರೆ ಅದು ಸದಾ ಮಂದಾಗ್ನಿಯಲ್ಲಿಯೇ ಉರಿದು, ಗಾಜು ಕಪ್ಪಾಗಿ, ಹೊಗೆಗೊಳವೆಯಲ್ಲಿ ಮಸಿ ಕಟ್ಟುತ್ತದೆ. ಈ ಯಂತ್ರಾಗ್ನಿಗೆ ಇನ್ನೊಂದು ದೌರ್ಬಲ್ಯವೂ ಉಂಟು. ಕರೆಂಟು ಹೋದೊಡನೆ ಪಂಖ ನಿಲ್ಲುತ್ತದೆ, ಬಟ್ಟಲಲ್ಲಿ ಉರಿಯುತ್ತಿದ್ದ ಗುಳಿಗೆಯ ಹೊಗೆ ಕೋಣೆಗೇ ಮರಳಬಹುದು. 1969ರಷ್ಟು ಹಿಂದೆಯೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಕಟ್ಟಿಕೊಂಡು ತಮ್ಮ ಹಳ್ಳಿಗಳಿಗೆ ತಾವೇ ದೀಪ ಹಚ್ಚಿಕೊಂಡ ಹುಕ್ಕೇರಿಯವರಿಗೆ ವಿದ್ಯುತ್ತಿನ ಬೆಲೆಯೂ ಗೊತ್ತು, ಅದು ಕೈಕೊಡುವ ವೇಳೆಯೂ ಗೊತ್ತು.

ನಮ್ಮ ನಾಡಿನಲ್ಲಿ ಗುಳಿಗೆಯ ಒಲೆಯ ನಿಜವಾದ ಪರೀಕ್ಷೆ ನಡೆದುದು 2006ರಿಂದೀಚೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಎಸ್. ಮುಕುಂದ ಅವರೂ ಅವರ ಸಂಗಡಿಗರೂ ರೂಪಿಸಿದ ‘ಊರ್ಜಾ’ ಒಲೆಯನ್ನು ಬಿ.ಪಿ. ಎಂಬ ತೈಲ ಸಂಸ್ಥೆಯು ಮಹಾರಾಷ್ಟ್ರ, ಕರ್ನಾಟಕ ಮೊದಲಾದ ಸೀಮೆಗಳ ಮನೆಗಳಿಗೆ ಮುಟ್ಟಿಸಿತು. ಅದರ ಯುಕ್ತಿ ಮನೋಹರವಾದುದು. ಪಾತ್ರೆಯಲ್ಲಿ ಗುಳಿಗೆ ತುಂಬಿ ಮೇಲಿನಿಂದ ಹೊತ್ತಿಸಿದರೆ, ತಳದಿಂದ ಬರುವ ಅಲ್ಪ ಗಾಳಿಗೆ ಗುಳಿಗೆಯು ಪೂರ್ತಿ ಉರಿಯದೆ ಅನಿಲವಾಗಿ ಮೇಲೇಳುತ್ತದೆ. ಬಾಯಿಯ ಸುತ್ತಲಿನ ಸಣ್ಣ ತೂತುಗಳಿಂದ ಬಂದೆರಗುವ ಎರಡನೆಯ ಗಾಳಿಯು ಆ ಅನಿಲವನ್ನು ನೀಲಿ ಛಾಯೆಯ ಜ್ವಾಲೆಯಾಗಿ ಸುಡುತ್ತದೆ. ಬ್ಯಾಟರಿಯಿಂದ ತಿರುಗುವ ಪುಟ್ಟ ಪಂಖ, ಸುಮಾರು 600 ಗ್ರಾಂ ಗುಳಿಗೆಗೆ ಒಂದು ಗಂಟೆಯ ಉರಿ, ಹೊಗೆ ಅತ್ಯಲ್ಪ. ಲಕ್ಷಗಟ್ಟಲೆ ಒಲೆಗಳು ಮಾರಾಟವಾದುವು. ಆದರೆ ಗುಳಿಗೆ ಮಾಡುವ ಕಚ್ಚಾ ಸಾಮಗ್ರಿಗೆ ಕಾರ್ಖಾನೆಗಳೂ ವಿದ್ಯುತ್ ಘಟಕಗಳೂ ಕೈಚಾಚಿದಂತೆ ಬೆಲೆಯೇರಿತು. ಬೆಲೆಯೇರಿದ ಗುಳಿಗೆ ಹಳ್ಳಿಯ ಅಡಿಗೆಮನೆಯಿಂದ ದೂರವಾಗತೊಡಗಿತು. ಒಲೆ ನಿರ್ದುಷ್ಟವಾಗಿದ್ದರೂ ಅದರ ಆಹಾರವು ಮನೆಯ ಹಿತ್ತಿಲಲ್ಲಿ ಬೆಳೆಯುವಂಥದಾಗಿರಲಿಲ್ಲ.

ಇಲ್ಲಿ ಓದುಗನು ಕೇಳಬಹುದು: ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿರುವ ಈ ನಾಡಿನಲ್ಲಿ ಗುಳಿಗೆಗೆ ಬರವೇ? ಒಂದು ಟನ್ನು ಕಬ್ಬು ಅರೆದರೆ ಮುನ್ನೂರು ಕಿಲೊದ ಆಸುಪಾಸು ಸಿಪ್ಪೆ ಉಳಿಯುತ್ತದೆ, ನಿಜ. ಆದರೆ ಅದರಲ್ಲಿ ಅರ್ಧ ನೀರು, ಮತ್ತು ಕಾರ್ಖಾನೆಯು ಆ ಸಿಪ್ಪೆಯನ್ನು ತನ್ನ ಬಾಯ್ಲರಿಗೇ ಉಣಿಸಿ ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತದೆ. ಬೆಲ್ಲದ ಗಾಣದವನೂ ತನ್ನ ಸಿಪ್ಪೆಯನ್ನು ಬಿಸಿಲಿಗೆ ಹರವಿ ಕೊಪ್ಪರಿಗೆಯ ಕೆಳಗೇ ನೂಕುತ್ತಾನೆ. ಉಳಿಯುವುದು ಹೊಲದಲ್ಲಿ ಬಿದ್ದ ರವದಿ, ಎಂದರೆ ಕಬ್ಬಿನ ಒಣ ಗರಿ. ಅದನ್ನು ಗುಳಿಗೆ ಮಾಡಬಹುದಾದರೂ ಬೂದಿಯ ಅಂಶ ಅದರಲ್ಲಿ ಹೆಚ್ಚು. ಬೂದಿಯೊಳಗಿನ ಪೊಟ್ಯಾಸಿಯಂ ಬೇಗ ಕರಗಿ, ಬಟ್ಟಲಿನ ತಳದಲ್ಲಿ ಕಮ್ಮಾರನ ಕುಲುಮೆಯ ಕಿಟ್ಟದಂತೆ ಗಟ್ಟಿಯಾಗಿ ಕುಳಿತು ಗಾಳಿಯ ತೂತುಗಳನ್ನು ಮುಚ್ಚುತ್ತದೆ. ಯುರೋಪಿನ ಉತ್ತಮ ದರ್ಜೆಯ ಮರದ ಗುಳಿಗೆಯಲ್ಲಿ ಬೂದಿ ನೂರಕ್ಕೆ 0.7ನ್ನು ಮೀರಕೂಡದೆಂಬ ನಿಯಮವಿದೆ. ಆ ಗುಳಿಗೆಗಾಗಿ ಹುಟ್ಟಿದ ಒಲೆಗೆ ನಮ್ಮ ರವದಿಯನ್ನು ಉಣಿಸುವುದು ಪಥ್ಯದವನಿಗೆ ಹಬ್ಬದೂಟ ಬಡಿಸಿದಂತೆ.

ಹಾಗಾದರೆ ವಾಡೆಯವರು ಕೊಳ್ಳಬೇಕಾದುದು ಯಾವುದು? ಊರ್ಜಾದಂತಹ ಸಣ್ಣ ಒಲೆ ಚಹಾಕ್ಕೂ ಪಲ್ಯಕ್ಕೂ ಸೊಗಸು, ಹಂಡೆಗೆ ಸಾಲದು. ಒಂದು ಸಲ ತುಂಬಿದ ಗುಳಿಗೆಯಿಂದ ನಲವತ್ತು ಲೀಟರು ನೀರು ಕಾದೀತು, ನಡುವೆ ಮತ್ತೆ ತುಂಬುವಂತಿಲ್ಲ. ವರ್ಷವಿಡೀ ಒಂದೇ ದರ್ಜೆಯ ಗುಳಿಗೆಯನ್ನು ಮನೆಬಾಗಿಲಿಗೆ ತಂದುಕೊಡುವವರಿದ್ದು, ಅದನ್ನು ಮಳೆಗಾಲದಲ್ಲಿ ತೇವ ತಾಗದಂತೆ ಇಡುವ ಅಟ್ಟವೂ ಇದ್ದರೆ, ಪಂಖವುಳ್ಳ ದೊಡ್ಡ ಒಲೆಯನ್ನು ಧಾರಾಳವಾಗಿ ತರಬಹುದು. ತೇವ ತಾಗಿದ ಗುಳಿಗೆ ಮರಳಿ ಹೊಟ್ಟೇ ಆಗುವುದರಿಂದ ಅಟ್ಟದ ಮಾತನ್ನು ಉಪೇಕ್ಷಿಸಲಾಗದು. ಅದಿಲ್ಲವಾದರೆ, 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ತೋರಿಸಿಕೊಟ್ಟ ಮಾರ್ಗವೇ ನನಗೆ ಮೇಲೆನಿಸುತ್ತದೆ: ಸುತ್ತ ಮಣ್ಣು ಇಟ್ಟಿಗೆಯ ಮುಚ್ಚಿದ ಗೂಡು, ಕೆಳಗೆ ಗಾಳಿಯಾಡುವ ಕಬ್ಬಿಣದ ಜಾಲರಿ, ಹಂಡೆಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಮಾತ್ರ ಸಂದು, ಹಿಂದೆ ಮಾಳಿಗೆಯನ್ನು ದಾಟಿ ಎತ್ತರಕ್ಕೆ ಹೋಗುವ ಹೊಗೆಗೊಳವೆ. ಇದರ ಹೊಟ್ಟೆಗೆ ದಿಂಡೂ ನಡೆಯುತ್ತದೆ, ಕುಳ್ಳೂ ನಡೆಯುತ್ತದೆ, ಸಿಕ್ಕ ದಿನ ಗುಳಿಗೆಯೂ ನಡೆಯುತ್ತದೆ. ಹೊಗೆಗೊಳವೆಯಿಲ್ಲದ ಯಾವ ಬೆಂಕಿಯನ್ನೂ, ಅದು ಎಷ್ಟೇ ಹೊಗೆರಹಿತವೆಂದು ಹೊಗಳಲ್ಪಟ್ಟಿರಲಿ, ಕದವಿಕ್ಕಿದ ಬಚ್ಚಲಲ್ಲಿ ಹಚ್ಚಬಾರದು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಇಂಗಾಲದ ವಿಷಾನಿಲ ಅಲ್ಲಿಯೇ ಕೂಡುವುದು.

ಮೇಲೆ ಹೇಳಿದ ಮನೆಯಲ್ಲಿ ಗುಳಿಗೆ ತರುತ್ತಿದ್ದವನು ಒಂದು ಸುಗ್ಗಿಯ ನಂತರ ಬರುವುದನ್ನು ನಿಲ್ಲಿಸಿದ. ಹೊಸ ಒಲೆ ಪಡಸಾಲೆಯ ಮೂಲೆ ಸೇರಿತು. ಉಳಿದ ಅರ್ಧ ಚೀಲವನ್ನು ಆಯಿ ಬಚ್ಚಲ ಒಲೆಯ ಪಕ್ಕಕ್ಕೆ ಎಳೆದಿಟ್ಟುಕೊಂಡು, ಕುಳ್ಳು ಹಸಿಯಿರುವ ದಿನ ಅದರ ನಡುವೆ ಒಂದೊಂದು ಬೊಗಸೆ ಸುರಿಯುತ್ತಿದ್ದಳು. “ಚಲೋ ಹತ್ತತಾವ ನೋಡು ತಮ್ಮಾ,” ಎಂದಳು, “ಎಮ್ಮಿ ಮಾತ್ರ ಮೂಸಿ ಬಿಟ್ಟತು.”